ಅಳಬಾರದ ಮನೆ

“ಗುರುಗಳೇ, ಅನ್ಯಾಯ ನಡೆದಿದೆ ಎಂದ ಮೇಲೆ ಅದನ್ನು ಮಾಡಿದವನೊಬ್ಬ ಇರಲೇಬೇಕಲ್ಲವೇ?” ಎಂದು ಶಿಷ್ಯ ಕೇಳಿದ.

“ಇರುತ್ತಾನೆ,” ಎಂದರು ಗುರುಗಳು.

“ಹಾಗಾದರೆ ಯಾರ ಮನಸ್ಸಿನಲ್ಲೂ ಕೇಡಿಲ್ಲದ ಮನೆಯಲ್ಲಿ ಅನ್ಯಾಯ ನಡೆಯುವುದು ಸಾಧ್ಯವೇ ಇಲ್ಲ.”

“ನೀನು ಪ್ರಶ್ನೆ ಕೇಳುತ್ತಿದ್ದೀಯೋ, ತೀರ್ಪು ಕೊಡುತ್ತಿದ್ದೀಯೋ?” ಎಂದು ಗುರುಗಳು ಗದರಿದರು. “ನಿನಗೆ ಎಲ್ಲದಕ್ಕೂ ಅವಸರ. ಒಂದು ಕತೆ ಹೇಳುತ್ತೇನೆ. ಅದರಲ್ಲಿ ಕೆಟ್ಟವರು ಒಬ್ಬರೂ ಇಲ್ಲ. ಅನ್ಯಾಯ ಮಾತ್ರ ಇದೆ. ಮಾಡಿದವರು ಯಾರೆಂದು ಕೊನೆಗೆ ನೀನೇ ಹೇಳು. ನಡುವೆ ಬಾಯಿ ಹಾಕಬೇಡ.”

ಶಿಷ್ಯ ತಲೆಯಾಡಿಸಿದ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ತಾಮ್ರದ ತಗಡು ಬಡಿದು ಕೊಡ, ಹಂಡೆ ಮಾಡುವುದು ಅವನ ಕಸುಬು. ಅವನಿದ್ದ ಬೀದಿಯಲ್ಲಿ ಎಲ್ಲರದೂ ಅದೇ ಕಸುಬು. ಮನೆಯ ಮುಂಭಾಗವೇ ಅಂಗಡಿ. ಬೆಳಗಾದರೆ ಬೀದಿಯ ಎರಡೂ ಕಡೆಯಿಂದ ಸುತ್ತಿಗೆಯ ಸದ್ದು. ಹೊರಗಿನವರು ಅಲ್ಲಿಗೆ ಬಂದರೆ ಕಿವಿ ಮುಚ್ಚಿಕೊಂಡು ನಡೆಯುತ್ತಿದ್ದರು. ಅಲ್ಲೇ ಹುಟ್ಟಿದವರಿಗೆ ಅದು ಸದ್ದು ಅನ್ನಿಸುತ್ತಲೇ ಇರಲಿಲ್ಲ.

ಆ ಸದ್ದಿನಲ್ಲಿ ಬಾಯಿಮಾತು ನಡೆಯುವುದಿಲ್ಲ. ಆದ್ದರಿಂದ ಬೀದಿಯವರಿಗೆ ಒಂದು ಕೈಮಾತು ಇತ್ತು. ತಿದಿ ಒತ್ತು, ತಗಡು ತಿರುಗಿಸು, ನೀರು ತಾ, ಊಟಕ್ಕೆ ಏಳು, ಬೇಡದ ನೆಂಟರು ಬಂದಿದ್ದಾರೆ, ಎಲ್ಲವನ್ನೂ ಬೆರಳಿನಲ್ಲೇ ಹೇಳುತ್ತಿದ್ದರು. ಮಕ್ಕಳು ಮಾತು ಕಲಿಯುವ ಮೊದಲೇ ಅದನ್ನು ಕಲಿಯುತ್ತಿದ್ದವು. ಯಾರೂ ಕುಳಿತು ಕಲಿಸುತ್ತಿರಲಿಲ್ಲ.

ಕಂಚುಗಾರನಿಗೆ ಒಬ್ಬ ಮಗಳು. ಆಗಷ್ಟೇ ಶಾಲೆಗೆ ಹೋಗತೊಡಗಿದ್ದಳು. ಇಂಥ ಕತೆಗಳಲ್ಲಿ ಹೆಸರು ಹೇಳುವ ವಾಡಿಕೆಯಿಲ್ಲ. ಇವಳ ಹೆಸರನ್ನು ಮಾತ್ರ ಹೇಳುತ್ತೇನೆ. ಅಂಬುಜಾ. ಮುಂದೆ ಬಹಳ ಕಾಲ ಆ ಮನೆಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕೂಗಲಿಲ್ಲ. ನಾವಾದರೂ ಹೇಳೋಣ.

ಅಂಬುಜಾಳಿಗೆ ಒಬ್ಬ ತಮ್ಮ ಹುಟ್ಟಿದ. ಹುಟ್ಟಿದಾಗ ಚೆನ್ನಾಗಿಯೇ ಕಂಡ. ಕೆಲವು ವಾರ ಕಳೆದ ಮೇಲೆ ತಾಯಿಗೆ ಅನುಮಾನ ಬಂತು. ಮಗು ಹಾಲು ಕುಡಿಯುತ್ತ ಕುಡಿಯುತ್ತ ಸೋತು ಬಿಟ್ಟುಬಿಡುತ್ತಿತ್ತು. ಹಣೆಯ ಮೇಲೆ ಬೆವರು. ಅತ್ತರೆ ತುಟಿ ನೀಲಿ, ಉಗುರು ನೀಲಿ. ದೃಷ್ಟಿ ತೆಗೆದರು, ತಾಯಿತ ಕಟ್ಟಿದರು. ಒಂದು ದಿನ ಮಗು ಅಳುತ್ತ ಅಳುತ್ತ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ತಾಯಿಯ ಕೈಯಲ್ಲೇ ಕುಸಿಯಿತು. ಗಂಡ ಹೆಂಡತಿ ಮಗುವನ್ನು ಎತ್ತಿಕೊಂಡು ನಗರದ ದೊಡ್ಡ ಆಸ್ಪತ್ರೆಗೆ ಓಡಿದರು.

ವೈದ್ಯ ಪರೀಕ್ಷೆ ಮಾಡಿ ಹೇಳಿದ. ಮಗುವಿನ ಹೃದಯ ಗರ್ಭದಲ್ಲೇ ಸರಿಯಾಗಿ ಕೂಡಿಕೊಂಡಿಲ್ಲ. ಒಳಗೋಡೆಯಲ್ಲಿ ತೂತಿದೆ. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟಾಗಿದೆ. ಎದೆ ತೆರೆದು ಆಪರೇಷನ್ ಮಾಡದೆ ಬೇರೆ ದಾರಿಯಿಲ್ಲ. ಅದು ಚೆನ್ನಾಗಿ ಆದರೆ ಎಲ್ಲ ಮಕ್ಕಳ ಹಾಗೆ ಬೆಳೆಯುತ್ತಾನೆ. ಆದರೆ ಈಗಲೇ ಬೇಡ, ಇನ್ನಷ್ಟು ತೂಕ ಬರಲಿ.

“ಅಲ್ಲಿಯವರೆಗೆ ಒಂದೇ ಪಥ್ಯ,” ಎಂದ ವೈದ್ಯ. “ಮಗುವನ್ನು ಅಳಲು ಬಿಡಬೇಡಿ. ಅತ್ತು ಅತ್ತು ನೀಲಿಗಟ್ಟಿದರೆ ಜೀವಕ್ಕೇ ಅಪಾಯ. ಹಾಗಾದರೆ ಮೊಣಕಾಲು ಮಡಚಿ ಎದೆಗೆ ಒತ್ತಿ ಹಿಡಿದುಕೊಂಡು ತಕ್ಷಣ ಕರೆತನ್ನಿ.”

ಅಳದ ಮಗು ಎಲ್ಲಿಯೂ ಇಲ್ಲ ಎಂಬುದು ವೈದ್ಯನಿಗೂ ಗೊತ್ತಿತ್ತು. ಆದರೂ ಹೇಳಿದ. ಹೇಳದೆ ಇರುವಂತಿರಲಿಲ್ಲ.

ಮನೆಗೆ ಬಂದ ದಿನವೇ ಕಂಚುಗಾರ ತನ್ನ ಸುತ್ತಿಗೆ, ಅಡೆಗಲ್ಲುಗಳನ್ನು ಬೀದಿಯ ಕೊನೆಯಲ್ಲಿದ್ದ ಅಣ್ಣನ ಅಂಗಡಿಗೆ ಸಾಗಿಸಿದ. ಬೀದಿಯವರು ಒಳ್ಳೆಯವರು. ಅವನು ಬಾಯಿಬಿಟ್ಟು ಕೇಳುವ ಮೊದಲೇ ಒಪ್ಪಿದರು. ಅಕ್ಕಪಕ್ಕದವರು ದೊಡ್ಡ ಹಂಡೆಗಳನ್ನು ದೂರ ಒಯ್ದು ಬಡಿದರು, ಸಣ್ಣ ಪಾತ್ರೆಗಳನ್ನು ಮಾತ್ರ ಮನೆಯಲ್ಲಿ ಮೆಲ್ಲಗೆ ತಟ್ಟಿದರು. ಕಂಚುಗಾರನ ಮನೆಯ ಬಾಗಿಲ ತಿರುಗಣಿಗೆ ಎಣ್ಣೆ ಬಿದ್ದಿತು. ಪಾತ್ರೆ ಕೆಳಗಿಡುವಲ್ಲೆಲ್ಲ ಗೋಣಿಚೀಲ ಹಾಸಿದರು. ಮಗುವಿನ ನಿದ್ದೆ ಎಲ್ಲಿ ಕೆಡುವುದೋ ಎಂದು ಗಂಡ ಹೆಂಡತಿ ಮಾತನ್ನೇ ಬಿಟ್ಟರು. ಹೇಗೂ ಕೈಮಾತು ಇತ್ತಲ್ಲ. ಸದ್ದಿನ ನಡುವೆ ಹುಟ್ಟಿದ ಆ ಭಾಷೆ ಈಗ ಸದ್ದಿಲ್ಲದ ಮನೆಗೆ ಬಂತು.

ಕಂಚುಗಾರ ತಾಮ್ರ ತೂಗುವ ತಕ್ಕಡಿಯಲ್ಲಿ ಬಟ್ಟೆ ಹಾಸಿ ವಾರವಾರವೂ ಮಗುವನ್ನು ತೂಗುತ್ತಿದ್ದ. ತೂಕ ಒಂದಿಷ್ಟು ಏರಿದರೆ ಆ ವಾರ ಮನೆಯಲ್ಲಿ ಊಟ ರುಚಿಸುತ್ತಿತ್ತು. ಏರದಿದ್ದರೆ ತಾಯಿ ತನ್ನ ಎದೆಹಾಲನ್ನೇ ಶಪಿಸಿಕೊಳ್ಳುತ್ತಿದ್ದಳು. ಮಗು ಚೀಪಿ ಸೋಲಬಾರದೆಂದು ಹಾಲು ಹಿಂಡಿ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸುತ್ತಿದ್ದಳು. ಒಂದು ಹೊತ್ತಿನ ಹಾಲು ಮುಗಿಯುವಷ್ಟರಲ್ಲಿ ಮುಂದಿನ ಹೊತ್ತು ಬರುತ್ತಿತ್ತು. ಅವಳು ಕುಳಿತಲ್ಲೇ ಉಂಡಳು, ಕುಳಿತಲ್ಲೇ ತೂಕಡಿಸಿದಳು. ಆ ತಾಯಿಯನ್ನು ನೋಡಿದರೆ ಕಲ್ಲಿಗೂ ಕರುಣೆ ಬರಬೇಕು. ಇದನ್ನು ನೆನಪಿಡು, ಆಮೇಲೆ ಅವಳ ಮೇಲೆ ಹರಿಹಾಯಬೇಡ.

ಅಂಬುಜಾ ಏನಾದಳು ಎಂದು ಕೇಳು. ನೀನು ಕೇಳಲಿಲ್ಲ. ಯಾರೂ ಕೇಳಲಿಲ್ಲ.

ಒಂದು ದಿನ ಅವಳು ಅಂಗಳದಲ್ಲಿ ಬಿದ್ದು ಜೋರಾಗಿ ಅತ್ತಳು. ತೊಟ್ಟಿಲಲ್ಲಿದ್ದ ತಮ್ಮ ಬೆಚ್ಚಿ ಎದ್ದು ತಾನೂ ಅತ್ತ. ತುಟಿ ನೀಲಿಯಾಯಿತು. ತಾಯಿ ಅವನ ಮೊಣಕಾಲು ಮಡಚಿ ಎದೆಗೆ ಒತ್ತಿ ಹಿಡಿದಳು. ಮಗುವಿನ ಬಣ್ಣ ತಿರುಗುವವರೆಗೆ ಅವಳ ಜೀವ ಅವಳಲ್ಲಿರಲಿಲ್ಲ. ಆಮೇಲೆ ಮಗಳನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದಳು.

“ಅಳಬ್ಯಾಡವ್ವ. ನೀ ಅತ್ತರ ತಮ್ಮಾ ಅಳ್ತಾನ. ತಮ್ಮಾ ಅತ್ತರ ಉಳಿಯೂದಿಲ್ಲ.”

ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಹುಡುಗಿ ಮರೆಯುತ್ತಿದ್ದಳೋ ಏನೋ. ತಾಯಿ ಬೇಡಿಕೊಂಡಳು. ಹಾಗೆ ಬೇಡಿಕೊಂಡ ಮಾತನ್ನು ಮಗು ಎಲ್ಲಿ ಮರೆಯುತ್ತದೆ?

ಬೀದಿಯ ಕೈಮಾತಿನಲ್ಲಿ ಅಳಬೇಡ ಎನ್ನಲು ಗುರುತಿರಲಿಲ್ಲ. ಸುತ್ತಿಗೆಯ ಸದ್ದಿನಲ್ಲಿ ಯಾರು ಅತ್ತರೂ ಯಾರಿಗೂ ತೊಂದರೆಯಿರಲಿಲ್ಲವಲ್ಲ. ತಾಯಿಯೇ ಹೊಸದಾಗಿ ಒಂದು ಗುರುತು ಮಾಡಿದಳು. ಎರಡು ಬೆರಳು ತುಟಿಯ ಮೇಲೆ, ಆಮೇಲೆ ಅದೇ ಬೆರಳು ತೊಟ್ಟಿಲ ಕಡೆಗೆ. ಮನೆಯಲ್ಲಿ ಆಗ ಅತಿ ಹೆಚ್ಚು ಬಳಕೆಯಾದ ಮಾತು ಅದೇ.

ತೊಟ್ಟಿಲ ಬಳಿ ಯಾರಾದರೂ ಇರಬೇಕು. ಆಪರೇಷನ್ ಆಗುವವರೆಗೆ ಅಂಬುಜಾಳ ಶಾಲೆ ಬಿಡಿಸಿದರು. ಹೊರಗೆ ಆಡಿ ನೆಗಡಿ ತಂದರೆ ತಮ್ಮನಿಗೆ ಅಂಟುತ್ತದೆ ಎಂದು ಆಟ ಬಿಡಿಸಿದರು. ಅವಳು ಒಂದನ್ನೂ ಬೇಡವೆನ್ನಲಿಲ್ಲ. ತೊಟ್ಟಿಲ ಹಗ್ಗ ಹಿಡಿದು ಕುಳಿತಳು. ತಮ್ಮ ಮುಖ ಕಿವುಚಿದರೆ ಸಾಕು, ಕಣ್ಣು ತಿರುಗಿಸಿ, ಮೂಗು ಹಿಗ್ಗಿಸಿ ಅವನನ್ನು ನಗಿಸುತ್ತಿದ್ದಳು. ಬಂದವರೆಲ್ಲ ನೋಡಿ ಮೆಚ್ಚಿದರು. ಬಂಗಾರದಂಥ ಹುಡುಗಿ ಎಂದರು. ಪಕ್ಕದ ಮನೆಯಾಕೆ ತನ್ನ ಮಕ್ಕಳಿಗೆ ಅವಳನ್ನು ತೋರಿಸಿ ಬುದ್ಧಿ ಹೇಳಿದಳು. ತಂದೆ ತಲೆ ಸವರಿದ. ಆ ಮನೆಯಲ್ಲಿ ಅವಳ ಪಾಲಿಗೆ ಉಳಿದದ್ದು ಅದೊಂದೇ ಹೊಗಳಿಕೆ. ಅವಳು ಅದನ್ನು ಬಿಡದೆ ಗಳಿಸಿಕೊಂಡಳು.

ಒಮ್ಮೆ ತಂದೆಗೆ ಬುತ್ತಿ ಒಯ್ದವಳು ಅಂಗಡಿಯಲ್ಲಿ ಕಾದ ತಗಡಿನ ಚೂರನ್ನು ತುಳಿದಳು. ಅಂಗಾಲು ಸುಟ್ಟು ಗುಳ್ಳೆ ಎದ್ದಿತು. ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು, ಕುಂಟುತ್ತ ಮನೆಗೆ ಬಂದು, ತೊಟ್ಟಿಲ ಹಗ್ಗ ಹಿಡಿದು ಕುಳಿತಳು. ಸಂಜೆ ತಾಯಿ ಆ ಕಾಲು ನೋಡಿದಾಗಲೇ ಸಂಗತಿ ಗೊತ್ತಾದದ್ದು.

“ಅಬ್ಬಾ! ಎಂಥ ಒಳ್ಳೆಯ ಹುಡುಗಿ ಗುರುಗಳೇ!” ಎಂದ ಶಿಷ್ಯ. ಅವನ ಕಣ್ಣು ತುಂಬಿತ್ತು.

“ಎಲ್ಲರೂ ಹಾಗೆಯೇ ಅಂದರು,” ಎಂದರು ಗುರುಗಳು. “ಬಾಯಿ ಹಾಕಬೇಡ ಎಂದಿದ್ದೆ.” ಅವರು ಕತೆ ಮುಂದುವರಿಸಿದರು.

ಮಳೆಗಾಲ ಬಂತು. ಅಂಬುಜಾಳಿಗೆ ನೆಗಡಿಯಾಯಿತು, ಜ್ವರ ಬಂತು. ತಮ್ಮನಿಗೆ ತಾಗಬಾರದೆಂದು ಅವಳನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿದರು. ಕಷಾಯ ಕೊಟ್ಟರು. ಜ್ವರ ಇಳಿದ ಹಾಗೆ ಕಂಡಿತು. ಆದರೆ ನೋವು ಕಿವಿಗೆ ಇಳಿದಿತ್ತು. ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು. ಕೀವು ಸೋರಿತು. ಅವಳು ದಿಂಬನ್ನು ಕಚ್ಚಿ ಹಿಡಿದು ಮಲಗಿದಳು. ಕೀವನ್ನು ಲಂಗದಲ್ಲಿ ಒರೆಸಿಕೊಂಡಳು, ಲಂಗವನ್ನು ತಾನೇ ಒಗೆದಳು. ತಾಯಿ ಬಾಗಿಲಲ್ಲಿ ನಿಂತು ಹೇಗಿದ್ದೀ ಎಂದು ಕೈಯಲ್ಲಿ ಕೇಳುತ್ತಿದ್ದಳು. ಮಗಳು ಚೆನ್ನಾಗಿದ್ದೇನೆ ಎಂದು ಕೈಯಲ್ಲೇ ಹೇಳುತ್ತಿದ್ದಳು. ತಾಯಿಗೆ ನೆಮ್ಮದಿಯಾಗುತ್ತಿತ್ತು. ಒಬ್ಬಳಾದರೂ ತೊಂದರೆ ಕೊಡುವುದಿಲ್ಲ ಎಂಬ ನೆಮ್ಮದಿ.

ಅದೇ ಹೊತ್ತಿಗೆ ತಕ್ಕಡಿ ವೈದ್ಯ ಹೇಳಿದ ತೂಕವನ್ನು ತೋರಿಸಿತು. ಆಸ್ಪತ್ರೆಯಿಂದ ಬರಹೇಳಿದರು. ಅಂಬುಜಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಗಂಡ ಹೆಂಡತಿ ಮಗುವನ್ನು ಕರೆದುಕೊಂಡು ಹೋದರು. ಅವಳ ಜ್ವರ ಆಗ ಬಿಟ್ಟಿತ್ತು. ಕೀವು ಸೋರುವುದೂ ನಿಂತಿತ್ತು. ನೋಡುವವರಿಗೆ ಅವಳು ಗುಣವಾಗಿದ್ದಳು.

ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸ್ ಮಗುವನ್ನು ಎತ್ತಿಕೊಂಡಳು. ಮಗು ತಾಯಿಯ ಕಡೆಗೆ ಕೈ ಚಾಚಿ ಅತ್ತಿತು. ತಾಯಿ ಅಭ್ಯಾಸದಂತೆ ಅಳಬೇಡ ಎಂದು ಬೆರಳಿನಲ್ಲಿ ತೋರಿಸಿದಳು. ಬಾಗಿಲು ಮುಚ್ಚಿತು. ಆಮೇಲೆ ಅವಳು ಗೋಡೆಗೆ ಒರಗಿ ನಿಂತವಳು ಕೂರಲಿಲ್ಲ. ಕಂಚುಗಾರ ಅವಳ ಪಕ್ಕದಲ್ಲೇ ನಿಂತ. ಅವನ ಎಡಗೈ ಹಿಡಿದ ಪಾತ್ರೆಯನ್ನು ತಿರುಗಿಸುವ ಹಾಗೆ ತಾನಾಗಿ ಅಲುಗುತ್ತಿತ್ತು.

ಮಗು ಉಳಿಯಿತು. ತೂತು ಮುಚ್ಚಿದರು, ದಾರಿ ಅಗಲ ಮಾಡಿದರು. ಕೆಲವು ದಿನಗಳ ಮೇಲೆ ಉಸಿರಾಟಕ್ಕೆಂದು ಗಂಟಲಿಗೆ ಹಾಕಿದ್ದ ಕೊಳವೆ ತೆಗೆದರು. ಮಗು ಮೊದಲು ಕೀರಲಾಗಿ, ಆಮೇಲೆ ಗಂಟಲು ಬಿಟ್ಟು ಅತ್ತಿತು. ತಾಯಿ ತಟ್ಟನೆ ಅದರ ಮೊಣಕಾಲಿಗೆ ಕೈ ಹಾಕಿದಳು. ವೈದ್ಯ ಅವಳ ಕೈ ತಡೆದ. “ಅಳಲಿ ಬಿಡಿ ತಾಯಿ. ತುಟಿ ನೋಡಿ,” ಎಂದ. ತುಟಿ ಕೆಂಪಗಿತ್ತು. ಅಳುತ್ತಿರುವ ಮಗುವನ್ನು ನೋಡಿ ಆ ತಾಯಿ ನಕ್ಕಳು. ಕಂಚುಗಾರ ಆಸ್ಪತ್ರೆಯ ನೆಲದ ಮೇಲೆ ಕುಳಿತು ಹೋ ಎಂದು ಅತ್ತ. ಇನ್ನು ಆ ಮನೆಯಲ್ಲಿ ಯಾರು ಎಷ್ಟು ಬೇಕಾದರೂ ಅಳಬಹುದಾಗಿತ್ತು.

ಅವರು ಬೀದಿಗೆ ಮರಳಿದಾಗ ಜನವೆಲ್ಲ ಬಾಗಿಲಿಗೆ ಬಂದರು. ಕಂಚುಗಾರನಿಗೆ ಹಿಗ್ಗು ತಡೆಯಲಾಗಲಿಲ್ಲ. “ಬಡೀರಿ! ಎಲ್ಲಾರೂ ಜೋರಾಗಿ ಬಡೀರಿ! ನನ್ನ ಮಗಾ ಇನ್ನ ಯಾವ ಸಪ್ಪಳಕ್ಕೂ ಅಂಜೂದಿಲ್ಲ!” ಎಂದು ಕೂಗಿದ. ಬೀದಿಯವರೂ ಕಾಯುತ್ತಿದ್ದರು. ದೊಡ್ಡ ಹಂಡೆಗಳು ಮತ್ತೆ ಮನೆಯ ಮುಂದೆ ಬಂದವು. ಎಲ್ಲರೂ ಒಟ್ಟಿಗೆ ಸುತ್ತಿಗೆ ಎತ್ತಿದರು. ಆ ಸದ್ದಿಗೆ ಮಾಡಿನ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು. ಮಗು ಬೆಚ್ಚಿ ಅತ್ತಿತು. ಅದರ ಅಳು ಕೇಳಿ ಎಲ್ಲರೂ ನಕ್ಕರು.

ಅಂಬುಜಾ ಪಕ್ಕದ ಮನೆಯ ಜಗಲಿಯಲ್ಲಿ ಗೋಡೆಯ ಕಡೆಗೆ ಮುಖ ಮಾಡಿ ಕುಳಿತು ತಮ್ಮನ ಬಟ್ಟೆ ಮಡಚುತ್ತಿದ್ದಳು. ಅವಳು ತಿರುಗಲಿಲ್ಲ.

ಸದ್ದು ನಿಂತ ಮೇಲೆ ತಂದೆ ಕರೆದ. “ಅಂಬೂ!” ಎಷ್ಟೋ ತಿಂಗಳ ಮೇಲೆ ಬಾಯಿತುಂಬ ಕರೆದದ್ದು. ಅವಳು ಬಟ್ಟೆ ಮಡಚುತ್ತಲೇ ಇದ್ದಳು. ಸಿಟ್ಟಾಗಿರಬೇಕು ಎಂದುಕೊಂಡ. ಇನ್ನೂ ಜೋರಾಗಿ ಕರೆದ. ಆಗ ಪಕ್ಕದ ಮನೆಯಾಕೆ ಹೇಳಿದಳು.

“ಮೈ ಮುಟ್ಟಿ ಕರೀಬೇಕಣ್ಣ. ನೀವು ಹೋದಾಗಿಂದ ಹಂಗ ಮಾಡ್ಯಾಳ. ಅವ್ವಾ ಅಪ್ಪನ ಚಿಂತ್ಯಾಗ ಅದಾಳ ಅಂತ ನಾ ಸುಮ್ಮಕಿದ್ದೆ. ಮತ್ತ ಒಂದ್ ಚೂರೂ ಕಾಡಿಲ್ಲ ನೋಡ್ರಿ, ಭಾಳ ಒಳ್ಳೇ ಹುಡುಗಿ.”

ತಂದೆ ಹೋಗಿ ಹೆಗಲು ಮುಟ್ಟಿದ. ಹುಡುಗಿ ತಿರುಗಿ ನೋಡಿ ನಕ್ಕಳು. ತಮ್ಮ ಮಲಗಿದ್ದಾನೆಯೇ ಎಂದು ಕೈಯಲ್ಲಿ ಕೇಳಿದಳು. ತಾಯಿಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿತ್ತು. ಅವಳು ಎದೆ ಎದೆ ಬಡಿದುಕೊಂಡು ಅತ್ತಳು. ಅಂಬುಜಾ ಗಾಬರಿಯಾಗಿ ಎದ್ದು ಎರಡು ಬೆರಳು ತುಟಿಯ ಮೇಲಿಟ್ಟಳು, ಆಮೇಲೆ ತಮ್ಮನ ಕಡೆಗೆ ತೋರಿಸಿದಳು.

ಕಂಚುಗಾರ ಮಗಳ ಮುಂದೆ ಮೊಣಕಾಲೂರಿ ಕುಳಿತು ಕೈಯಲ್ಲೇ ಕೇಳಿದ. ಯಾವಾಗಿನಿಂದ ಕೇಳಿಸುತ್ತಿಲ್ಲ?

ಹುಡುಗಿಗೆ ಆ ಪ್ರಶ್ನೆಯೇ ತಿಳಿಯಲಿಲ್ಲ. ಅವಳು ಬಾಯಿಬಿಟ್ಟು, ಆದರೆ ತಮ್ಮ ಮಲಗಿರುವಾಗಿನ ಹಾಗೆಯೇ ಪಿಸುದನಿಯಲ್ಲಿ ಹೇಳಿದಳು.

“ತಮ್ಮಾ ಮಲಗ್ಯಾನ ಅಂತ ಎಲ್ಲಾರೂ ಮೆಲ್ಲಕ ಬಡೀತಾರ ಅಂದ್ಕೊಂಡಿದ್ದೆ ಅಪ್ಪಾ.”

ಬೀದಿಯ ಸುತ್ತಿಗೆಗಳು ಎದ್ದು ಬೀಳುವುದನ್ನು ಅವಳು ದಿನವೂ ನೋಡುತ್ತಿದ್ದಳು. ಸದ್ದು ಬರುತ್ತಿರಲಿಲ್ಲ. ತಾನು ಕಿವುಡಿಯಾದೆ ಎಂದು ಅವಳಿಗೆ ಹೊಳೆಯಲಿಲ್ಲ. ಜನ ಎಷ್ಟು ಒಳ್ಳೆಯವರು ಎಂದುಕೊಂಡಳು.

ಕಿವಿ ನೋಯುತ್ತಿತ್ತೇ ಎಂದು ತಂದೆ ಕೈಯಲ್ಲಿ ಕೇಳಿದ. ಭಾಳ ಎಂದಳು. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದ.

“ಹೇಳಿದರ ಅಳು ಬರ್ತಿತ್ತು,” ಎಂದಳು ಅಂಬುಜಾ.

ಅವಳನ್ನು ಎತ್ತಿಕೊಂಡು ಆಸ್ಪತ್ರೆಗಳನ್ನು ಸುತ್ತಿದರು. ಎಲ್ಲ ಕಡೆಯೂ ಒಂದೇ ಉತ್ತರ. ನೋವಿದ್ದಾಗಲೇ ತಂದಿದ್ದರೆ ಕೆಲವು ದಿನಗಳ ಔಷಧಿಯಲ್ಲಿ ಹೋಗುತ್ತಿತ್ತು. ಈಗ ಒಳಗಿನ ನರಕ್ಕೂ ಪೆಟ್ಟು ಬಿದ್ದಿದೆ. ಯಂತ್ರ ಇಟ್ಟರೆ ಒಂದಿಷ್ಟು ಸದ್ದು ತಿಳಿದೀತು, ಮಾತು ತಿಳಿಯುವುದು ಕಷ್ಟ. ಎದೆ ತೆರೆದು ಹೃದಯವನ್ನು ಹೊಲಿಯಬಲ್ಲ ಕಾಲದಲ್ಲಿ ಒಂದು ಕಿವಿನೋವಿಗೆ ಔಷಧಿ ತಡವಾಯಿತು.

ಹುಡುಗ ಚೆನ್ನಾಗಿ ಬೆಳೆದ. ಎದೆಯ ಮೇಲೆ ಒಂದು ಗೀಟು ಬಿಟ್ಟರೆ ಅವನಿಗೆ ಏನೂ ಆಗಿಲ್ಲ. ಬೀದಿಗೆಲ್ಲ ಕೇಳುವಂಥ ಗಂಟಲು. ಅವನು ಮೊದಲು ಕಲಿತ ಮಾತು ಅಕ್ಕ. ದಿನವಿಡೀ ಅದನ್ನೇ ಕೂಗುತ್ತ ಅವಳ ಹಿಂದೆ ತಿರುಗುತ್ತಾನೆ. ಅವಳಿಗೆ ಅದು ಗೊತ್ತಿಲ್ಲ. ಕೂಗಿ ಕೂಗಿ ಬೇಸತ್ತು ಅವನು ಅವಳ ಲಂಗ ಹಿಡಿದು ಎಳೆಯುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

“ಈಗ ಹೇಳು. ಅನ್ಯಾಯ ನಡೆಯಿತೋ ಇಲ್ಲವೋ?”

“ನಡೆಯಿತು,” ಎಂದ ಶಿಷ್ಯ.

“ಮಾಡಿದವರು?”

ಶಿಷ್ಯ ಬೆರಳು ಮಡಚುತ್ತ ಒಬ್ಬೊಬ್ಬರನ್ನೇ ಎಣಿಸಿದ. “ವೈದ್ಯನೇ ಎನ್ನೋಣವೆಂದರೆ ಅವನು ಹೇಳಬೇಕಾದದ್ದನ್ನೇ ಹೇಳಿದ. ತಂದೆ ದುಡಿಯುವ ಜಾಗವನ್ನೇ ಬಿಟ್ಟುಕೊಟ್ಟ. ಆ ತಾಯಿಯನ್ನು ದೂರಲು ನನಗೆ ಬಾಯಿ ಬಾರದು. ಮಗು ಏನೂ ಅರಿಯದು. ಬೀದಿಯವರು ತಮ್ಮ ಕೆಲಸವನ್ನೇ ಬದಿಗಿಟ್ಟರು. ಎಲ್ಲಿ ಹುಡುಕಿದರೂ ತಪ್ಪಿತಸ್ಥರು ಸಿಗುತ್ತಿಲ್ಲ ಗುರುಗಳೇ. ನೀವೇ ಹೇಳಿ, ಈ ಅನ್ಯಾಯ ಯಾರದು?”

“ಅವಳು ನೋವು ನುಂಗಿಕೊಂಡಾಗಲೆಲ್ಲ ಒಳ್ಳೆಯ ಹುಡುಗಿ ಎಂದು ಹೊಗಳಿದವರದು, ಈಗ ಸ್ವಲ್ಪ ಹೊತ್ತಿನ ಮುಂಚೆ ನೀನೂ ಹೊಗಳಿದೆ.”